ಹಕ್ಕಿಯ ಕಾಲಿನ ಚೀಟಿಯಲ್ಲಿ ಇಲ್ಲದ ಒಂದು ಸಾಲು

ಹೋದ ತಿಂಗಳು ಅಕ್ಕ ಮತ್ತು ಅವಳ ಮಗಳು ಬೆಂಗಳೂರಿನಿಂದ ಮುಂಬೈಗೆ ಬಂದಿದ್ದರು. ಗೇಟ್‌ವೇ ನೋಡಿ ಮುಗಿಸಿ, ಬಿಸಿಲಿಗೆ ಸಾಕಾಗಿ, ಕಾಲಾ ಘೋಡಾ ಹತ್ತಿರ ಇರುವ ಮ್ಯೂಸಿಯಂ ಒಳಗೆ ಹೊಕ್ಕೆವು. ಹಳಬರ ಬಾಯಲ್ಲಿ ಅದು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಅಲ್ಲಿ ನ್ಯಾಚುರಲ್ ಹಿಸ್ಟರಿ ವಿಭಾಗದಲ್ಲಿ ಗಾಜಿನ ಹಿಂದೆ ಹಕ್ಕಿಗಳು ಕೂತಿರುತ್ತವೆ. ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು ಬಹಳ ಹೊತ್ತು ನಿಂತಳು.

“ಮಾಮಾ, ಇವು ನಿಜವಾದ ಹಕ್ಕಿಗಳಾ?”

“ಹೌದು ಪುಟ್ಟಿ.”

“ಹಾಗಾದ್ರೆ ಸತ್ತಿದ್ದನ್ನ ತಂದ್ರಾ, ತಂದು ಸಾಯ್ಸಿದ್ರಾ?”

ನಾನು ಗುಂಡು ಹೊಡೆದು ತಂದಿರಬೇಕು ಅಂದೆ. “ಗುಂಡು ಹೊಡೆದ ತಕ್ಷಣ ಸಾಯದೇ ಇದ್ರೆ?” ಅಂದಳು. ಅಕ್ಕ ನನ್ನ ಮುಖ ನೋಡಿದಳು, ನಾನು ಕ್ಯಾಂಟೀನ್ ಕಡೆ ಕೈ ತೋರಿಸಿದೆ.

ಆವತ್ತಿನಿಂದ ಇದೇ ಹುಳ ತಲೆಯೊಳಗೆ. ಮೂರು ವಾರ ಆಫೀಸ್ ಮುಗಿದ ಮೇಲೆ ಓದಿದ್ದು ಇದನ್ನೇ. ಸತ್ತ ಹಕ್ಕಿಯ ಚರ್ಮವನ್ನು ನೂರಾರು ವರ್ಷ ಕೆಡದ ಹಾಗೆ ಇಡುವುದು ಹೇಗೆ ಅನ್ನುವುದಕ್ಕೆ ಪುಸ್ತಕದ ಮೇಲೆ ಪುಸ್ತಕ ಇದೆ. ಅದು ಸತ್ತಿದ್ದು ಹೇಗೆ ಅನ್ನುವುದಕ್ಕೆ ಅಲ್ಲೊಂದು ಪ್ಯಾರಾ, ಇಲ್ಲೊಂದು ಪ್ಯಾರಾ. ಆ ಪ್ಯಾರಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಹಕ್ಕಿಯನ್ನು ಹೇಗೆ ಕೊಲ್ಲಬೇಕು ಅನ್ನುವುದನ್ನು ಬಹುಕಾಲ ತೀರ್ಮಾನ ಮಾಡಿದ್ದು ಹಕ್ಕಿಯ ನೋವಲ್ಲ, ಹಕ್ಕಿಯ ಗರಿ. ರಕ್ತ ಹತ್ತಬಾರದು, ಪುಕ್ಕ ಮುರಿಯಬಾರದು. ಇವತ್ತಿನ ಮಾತು ಅದರ ಬಗ್ಗೆ.

ಮೊದಲಿಗೆ ಒಂದು ಸಣ್ಣ ವಿವರಣೆ. ಗಾಜಿನ ಹಿಂದೆ ಕೊಂಬೆ ಮೇಲೆ ಕೂತ ಹಾಗೆ ಕಾಣುವ ಹಕ್ಕಿಗಳು ಬಹಳ ಕಡಿಮೆ. ಮ್ಯೂಸಿಯಂಗಳ ನಿಜವಾದ ಆಸ್ತಿ ಇರುವುದು ನಾವು ನೋಡದ ಬೀರುಗಳ ಒಳಗೆ. ಅಲ್ಲಿ ಡ್ರಾಯರ್ ಎಳೆದರೆ ಹಕ್ಕಿಗಳು ಅಂಗಾತ ಮಲಗಿರುತ್ತವೆ. ರೆಕ್ಕೆ ಮಡಿಸಿದೆ, ಕಣ್ಣಿನ ಜಾಗದಲ್ಲಿ ಹತ್ತಿ, ಒಳಗೂ ಹತ್ತಿ, ಕಾಲಿಗೆ ದಾರದಲ್ಲಿ ಕಟ್ಟಿದ ಒಂದು ಚೀಟಿ. ಚೀಟಿಯಲ್ಲಿ ಸಾಮಾನ್ಯವಾಗಿ ಊರು, ತಾರೀಕು, ಗಂಡೋ ಹೆಣ್ಣೋ, ಹಿಡಿದವರು ಯಾರು, ಕೆಲವು ಅಳತೆ ಇರುತ್ತವೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕಂದ್ರೆ ಒಳ್ಳೆಯ ಡೇಟಾಬೇಸ್ ಟೇಬಲ್. ಆದರೆ “ಸಾವು ಹೇಗೆ” ಅನ್ನುವ ಕಾಲಂ ಆ ಟೇಬಲ್‌ನಲ್ಲಿ ಇಲ್ಲ.

ಸಾವು ಹೇಗಾಯಿತು ಅಂತ ಬಾಯಿ ಬಿಟ್ಟು ಹೇಳಿದ ಒಬ್ಬ ಮನುಷ್ಯ ಇದ್ದಾನೆ. ಜಾನ್ ಜೇಮ್ಸ್ ಆಡುಬಾನ್. ಅಮೆರಿಕದ ಹಕ್ಕಿಗಳನ್ನೆಲ್ಲ ನಿಜ ಗಾತ್ರದಲ್ಲಿ ಚಿತ್ರ ಬರೆದು ‘ದಿ ಬರ್ಡ್ಸ್ ಆಫ್ ಅಮೆರಿಕ’ ಮಾಡಿದವನು. ಆ ಚಿತ್ರಗಳಲ್ಲಿ ಹಕ್ಕಿಗಳು ಜೀವಂತವಾಗಿ ಎಗರುತ್ತವೆ, ಆದರೆ ಅವನ ಪದ್ಧತಿ ಏನಪ್ಪಾ ಅಂದರೆ ಹಕ್ಕಿಯನ್ನು ಕೊಂದು, ತಂತಿ ಹಾಕಿ ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಬರೆಯುವುದು. ಬಣ್ಣ ಮಾಸುವ ಮೊದಲು ಮುಗಿಸಬೇಕು.

1833ರ ಫೆಬ್ರವರಿ. ಬಾಸ್ಟನ್ ನಗರ. ಅಲ್ಲಿ ಮ್ಯೂಸಿಯಂ ನಡೆಸುತ್ತಿದ್ದ ಗ್ರೀನ್‌ವುಡ್ ಅನ್ನುವವನಿಂದ ಆಡುಬಾನ್ ಒಂದು ಜೀವಂತ ಗೋಲ್ಡನ್ ಈಗಲ್ ಕೊಂಡುಕೊಂಡ. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳಲ್ಲಿ ನರಿಗೆ ಇಟ್ಟ ಬೋನಿಗೆ ಸಿಕ್ಕಿಬಿದ್ದ ಹದ್ದು ಅದು. ಪಂಜರಕ್ಕೆ ಕಂಬಳಿ ಹೊದಿಸಿ ತಾನಿದ್ದ ಮನೆಗೆ ತಂದ. ಎರಡು ಮೂರು ದಿನ ಸುಮ್ಮನೆ ಅದನ್ನೇ ನೋಡುತ್ತಾ ಕೂತ. ಬಿಟ್ಟುಬಿಡಲಾ ಅಂತ ಅನ್ನಿಸಿತು ಅಂತ ಅವನೇ ಬರೆದುಕೊಂಡಿದ್ದಾನೆ. ಬಿಡಲಿಲ್ಲ. ಚಿತ್ರ ಬೇಕಿತ್ತು.

ಈಗ ಕೊಲ್ಲುವುದು ಹೇಗೆ? ಗುಂಡು ಹೊಡೆದರೆ ಗರಿ ಹಾಳು. ಪಾರ್ಕ್‌ಮನ್ ಅನ್ನುವ ಡಾಕ್ಟರ್ ಸ್ನೇಹಿತನ ಜೊತೆ ಸಮಾಲೋಚನೆ ಮಾಡಿದ. ವಿದ್ಯುತ್ ಹರಿಸುವ ಮಾತು ಬಂತು. ಕೊನೆಗೆ ಇದ್ದಿಲ ಹೊಗೆ ಒಳ್ಳೆಯದು, ಸುಲಭ, ನೋವೂ ಕಡಿಮೆ ಅಂತ ತೀರ್ಮಾನ ಆಯಿತು. ಇದನ್ನು ಗಮನಿಸಿ. ಆಡುಬಾನ್ ಕ್ರೂರಿಯಾಗಬೇಕು ಅಂತ ಹೊರಟವನಲ್ಲ. ಸುಲಭದ ಸಾವು ಕೊಡಬೇಕು ಅಂತಲೇ ಹೊರಟವನು.

ಸಣ್ಣ ಕೋಣೆಯಲ್ಲಿ ಪಂಜರ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಉರಿಯುವ ಇದ್ದಿಲಿನ ಬಾಣಲೆ ಒಳಗಿಟ್ಟರು. ಹಕ್ಕಿ ಕೆಳಗೆ ಬೀಳುವ ಸದ್ದು ಕೇಳುತ್ತದೆ ಅಂತ ಆಚೆ ಕಾದರು. ಗಂಟೆಗಟ್ಟಲೆ ಕಾದು ಬಾಗಿಲು ತೆಗೆದರೆ, ಹದ್ದು ಕೋಲಿನ ಮೇಲೆ ನೆಟ್ಟಗೆ ಕೂತು ಇವನನ್ನೇ ನೋಡುತ್ತಿದೆ. ಮತ್ತೆ ಮುಚ್ಚಿದರು. ರಾತ್ರಿಯಾಯಿತು. ಹೊಗೆ ತಡೆಯಲಾರದೆ ಆಡುಬಾನ್ ಮತ್ತು ಅವನ ಮಗ ಆ ಕಡೆಯಿಂದ ಎದ್ದು ಹೋಗಬೇಕಾಯಿತು. ಹಕ್ಕಿ ಹಾಗೇ ಕೂತಿತ್ತು. ಮರುದಿನ ಇದ್ದಿಲಿಗೆ ಗಂಧಕ ಸೇರಿಸಿದರು. ಗಂಧಕದ ಹೊಗೆ ಮನೆಯವರನ್ನೇ ಹೊರಗೆ ಓಡಿಸುವಷ್ಟಾಯಿತು, ಹದ್ದು ಬೀಳಲಿಲ್ಲ. ಕೊನೆಗೆ ಆಡುಬಾನ್ ಉದ್ದನೆಯ ಚೂಪಾದ ಉಕ್ಕಿನ ಸಲಾಕೆ ತೆಗೆದುಕೊಂಡು ಅದರ ಎದೆಗೆ ಚುಚ್ಚಿದ. ಆಗ ಸತ್ತಿತು. ಒಂದು ಗರಿಯೂ ಕೆಡಲಿಲ್ಲ.

ಸುಮಾರು ಎರಡು ವಾರ ಅದೇ ಚಿತ್ರ ಬರೆದ. ನಡುವೆ ಕಾಯಿಲೆ ಬಿದ್ದ, ಬದುಕುವುದೇ ಅನುಮಾನ ಅನ್ನುವಷ್ಟು. ಆ ಮೂಲ ಚಿತ್ರ ಈಗ ‘ದಿ ನ್ಯೂಯಾರ್ಕ್ ಹಿಸ್ಟಾರಿಕಲ್’ನಲ್ಲಿದೆ. ಮೊಲವನ್ನು ಉಗುರಿನಲ್ಲಿ ಹಿಡಿದು ಮೇಲೇಳುವ ಹದ್ದು. ಕೆಳಗೆ ಎಡ ಮೂಲೆಯಲ್ಲಿ, ಕಣಿವೆಗೆ ಅಡ್ಡ ಬಿದ್ದ ಮರದ ದಿಮ್ಮಿ ಮೇಲೆ, ಸತ್ತ ಹದ್ದನ್ನು ಬೆನ್ನಿಗೆ ಕಟ್ಟಿಕೊಂಡು ತೆವಳುವ ಒಬ್ಬ ಸಣ್ಣ ಮನುಷ್ಯ. ಅವನು ಆಡುಬಾನೇ ಅಂತ ಬಹಳ ಜನ ಹೇಳುತ್ತಾರೆ. ಲಂಡನ್‌ನಲ್ಲಿ ಅಚ್ಚಾದ ಪ್ರತಿಯಲ್ಲಿ ಆ ಮನುಷ್ಯ ಇಲ್ಲ. ತೆಗೆದುಬಿಟ್ಟಿದ್ದಾರೆ. ಕೊಂದವನು ಚಿತ್ರದಿಂದ ಮಾಯ, ಹದ್ದು ಮಾತ್ರ ಉಳಿದಿದೆ. ನನಗಂತೂ ಇಡೀ ಚರಿತ್ರೆಯ ಸಾರ ಆ ಅಳಿಸಿಹೋದ ಮೂಲೆಯಲ್ಲೇ ಇದೆ ಅನ್ನಿಸಿತು.

ಇನ್ನು ಚರ್ಮದ ಕಥೆ. ಇದು ಬೇಗ ಮುಗಿಯುತ್ತದೆ. ಹಕ್ಕಿಯ ಚರ್ಮಕ್ಕೆ ದೊಡ್ಡ ಶತ್ರು ಹುಳ. ಫ್ರಾನ್ಸ್‌ನ ಮೆಟ್ಜ್ ಊರಿನ ಬೆಕೂರ್ ಅನ್ನುವ ಔಷಧಿ ಅಂಗಡಿಯವನು 18ನೇ ಶತಮಾನದಲ್ಲಿ ಪಾಷಾಣ, ಕರ್ಪೂರ, ಸೋಪು, ಸುಣ್ಣ, ಕ್ಷಾರ ಸೇರಿಸಿ ಒಂದು ಲೇಪ ಮಾಡಿದ. ಜೀವ ಇರುವವರೆಗೂ ಗುಟ್ಟು ಬಿಡಲಿಲ್ಲ. ಅವನು ಸತ್ತ ಮೇಲೆ, 1800ರ ಹೊತ್ತಿಗೆ, ಆ ರೆಸಿಪಿ ಅಚ್ಚಾಯಿತು, ಜಗತ್ತಿನ ಮ್ಯೂಸಿಯಂಗಳೆಲ್ಲ ಅದನ್ನೇ ಹಿಡಿದವು. ಹಳೇ ಹಕ್ಕಿಗಳನ್ನು ಇವತ್ತಿಗೂ ಕೈಗವಸು ಹಾಕದೆ ಮುಟ್ಟಬಾರದು ಅನ್ನುವುದು ಅದಕ್ಕೇ.

ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್‌ಗೆ ಪಾಷಾಣ ಕಂಡರಾಗದು. ಅವನದು ಪಾದರಸದ ಕ್ಲೋರೈಡನ್ನು ಮದ್ಯಸಾರದಲ್ಲಿ ಕರಗಿಸುವ ದಾರಿ. (ಅದೇನು ಕಡಿಮೆ ವಿಷ ಅಂತಲ್ಲ!) ವಿಚಿತ್ರ ಮನುಷ್ಯ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಕ್ಕಿ ಹೊಡೆದು ಹೊಡೆದು ತಂದವನು, ತನ್ನ ಜಮೀನಿನ ಸುತ್ತ ಮೂರು ಮೈಲಿ ಉದ್ದ, ಒಂಬತ್ತು ಅಡಿ ಎತ್ತರದ ಗೋಡೆ ಕಟ್ಟಿಸಿ 1826ರ ಹೊತ್ತಿಗೆ ಒಳಗೆ ಹಕ್ಕಿಧಾಮ ಮಾಡಿದ. ಅಲ್ಲಿ ಕೋವಿ ಎತ್ತುವ ಹಾಗಿಲ್ಲ. ವಾಟರ್ಟನ್ ಗಯಾನಾದಲ್ಲಿದ್ದಾಗ ಜಾನ್ ಎಡ್ಮನ್‌ಸ್ಟನ್ ಅನ್ನುವ ಗುಲಾಮನಿಗೆ ಈ ವಿದ್ಯೆ ಕಲಿಸಿದ್ದ. ಎಡ್ಮನ್‌ಸ್ಟನ್ ಸ್ವತಂತ್ರನಾಗಿ ಎಡಿನ್‌ಬರೋಗೆ ಬಂದು ಅದೇ ಕಸುಬಿನಲ್ಲಿ ನೆಲೆಸಿದ. 1826ರಲ್ಲಿ ಒಬ್ಬ ಮೆಡಿಕಲ್ ವಿದ್ಯಾರ್ಥಿ ಅವನಿಗೆ ಒಂದು ಗಿನಿ ಕೊಟ್ಟು, ದಿನಕ್ಕೆ ಒಂದು ಗಂಟೆಯಂತೆ ಎರಡು ತಿಂಗಳು ಹಕ್ಕಿ ತುಂಬುವುದನ್ನು ಕಲಿತ. ಆ ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್. ಗಲಪಗೋಸ್ ದ್ವೀಪದ ಹಕ್ಕಿಗಳು ಲಂಡನ್‌ಗೆ ಕೆಡದೆ ಬಂದಿದ್ದರೆ ಆ ಪಾಠಕ್ಕೂ ಅದರಲ್ಲಿ ಪಾಲಿದೆ. ಇದರ ಮೇಲೇ ಒಂದು ಮಾತು ಮಾಡಬೇಕು, ಇನ್ನೊಂದು ಸಲ.

ಈಗ ಪುಟ್ಟಿಯ ಪ್ರಶ್ನೆಗೆ ವಾಪಸ್ ಬರೋಣ. ಗುಂಡು ತಗುಲಿದ ಹಕ್ಕಿ ಸಾಯದೇ ಇದ್ದರೆ?

ಇದಕ್ಕೆ ಸಂಗ್ರಹಕಾರರ ಹತ್ತಿರ ಒಂದು ಉತ್ತರ ಇತ್ತು, ಮತ್ತು ಅದು ಕೈಯಿಂದ ಕೈಗೆ ಬಂದ ವಿದ್ಯೆ. ಅಮೆರಿಕದ ಎಲಿಯಟ್ ಕೂಸ್ ಅನ್ನುವ ಸೇನಾ ವೈದ್ಯ 1874ರಲ್ಲಿ ‘ಫೀಲ್ಡ್ ಆರ್ನಿಥಾಲಜಿ’ ಅಂತ ಕೈಪಿಡಿ ಬರೆದ. ಒಂದೇ ಜಾತಿಯ ಹಕ್ಕಿ ಎಷ್ಟು ಬೇಕು ಅಂದರೆ ಸಿಕ್ಕಷ್ಟೂ ಬೇಕು ಅನ್ನುವ ಧೋರಣೆಯವನು. ಗಾಯಗೊಂಡ ಸಣ್ಣ ಹಕ್ಕಿಯನ್ನು ಏನು ಮಾಡಬೇಕು ಅನ್ನುವುದಕ್ಕೆ ಅವನ ಕಾಲದಿಂದ ಇಲ್ಲಿಯವರೆಗೂ ನಡೆದು ಬಂದ ದಾರಿ: ರೆಕ್ಕೆಯ ಕೆಳಗೆ ಎದೆಯ ಎರಡೂ ಪಕ್ಕಕ್ಕೆ ಬೆರಳಿಟ್ಟು ಗಟ್ಟಿಯಾಗಿ ಒತ್ತುವುದು. ಕೆಲವು ಕ್ಷಣದಲ್ಲಿ ಹಕ್ಕಿ ತಣ್ಣಗಾಗುತ್ತದೆ. ರಕ್ತ ಇಲ್ಲ, ಮೂಳೆ ಮುರಿಯುವುದಿಲ್ಲ, ಔಷಧಿ ಬೇಡ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಹಕ್ಕಿಯ ಮೈಯ ರಚನೆಯಲ್ಲಿದೆ. ನಮಗೆ ಎದೆ ಮತ್ತು ಹೊಟ್ಟೆ ನಡುವೆ ವಪೆ ಇದೆ. ಉಸಿರಾಟದ ಮುಖ್ಯ ಕೆಲಸ ಅದರದ್ದು. ಹಕ್ಕಿಗೆ ನಮ್ಮಂಥ ವಪೆ ಇಲ್ಲ. ಅದರ ಶ್ವಾಸಕೋಶ ಹೆಚ್ಚು ಹಿಗ್ಗುವುದೂ ಇಲ್ಲ. ಮೈಯೊಳಗೆ ಹರಡಿರುವ ಗಾಳಿಚೀಲಗಳು ತಿದಿಯ ಹಾಗೆ ಕೆಲಸ ಮಾಡಬೇಕು, ಅದಕ್ಕೆ ಎದೆಮೂಳೆ ಮೇಲೆ ಕೆಳಗೆ ಆಡಬೇಕು. ಎದೆ ಆಡದ ಹಾಗೆ ಹಿಡಿದರೆ ಉಸಿರೇ ಇಲ್ಲ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಬಾಲ್ಕನಿಯಲ್ಲಿ ಗಾಯಗೊಂಡ ಪಾರಿವಾಳವೋ ಗಿಳಿಯೋ ಸಿಕ್ಕರೆ, ಮಕ್ಕಳು ಪ್ರೀತಿಯಿಂದ ಎದೆ ಸುತ್ತ ಬಿಗಿಯಾಗಿ ಹಿಡಿಯುತ್ತಾರಲ್ಲ, ಅದು ಹಕ್ಕಿಯ ಪ್ರಾಣಕ್ಕೇ ಸಂಚಕಾರ. ಸಡಿಲವಾಗಿ ಬಟ್ಟೆ ಹಾಕಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು, ಪಶುವೈದ್ಯರ ಹತ್ತಿರ ಒಯ್ಯಿರಿ.

ನಮ್ಮ ದೇಶದ ಕಥೆಗೆ ಬಂದರೆ, ಅಲನ್ ಆಕ್ಟೇವಿಯನ್ ಹ್ಯೂಮ್. ಸ್ಕೂಲಿನಲ್ಲಿ ಕಾಂಗ್ರೆಸ್ ಸ್ಥಾಪಕ ಅಂತ ಒಂದು ಮಾರ್ಕಿಗೆ ಓದಿದ ಹೆಸರು. ಆತ ಶಿಮ್ಲಾದ ತನ್ನ ರಾಥ್ನಿ ಕ್ಯಾಸಲ್ ಮನೆಯಲ್ಲಿ ಏಷ್ಯಾದ ಹಕ್ಕಿಗಳ ಅತಿ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದ. 1885ರಲ್ಲಿ, ಕಾಂಗ್ರೆಸ್ ಹುಟ್ಟಿದ ವರ್ಷವೇ, ಅದನ್ನೆಲ್ಲ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟ. ಚರ್ಮ, ಮೊಟ್ಟೆ, ಗೂಡು ಸೇರಿ ಸುಮಾರು 82,000. ಒಯ್ಯುವುದಕ್ಕೆ ಲಂಡನ್‌ನಿಂದ ಬೌಡ್ಲರ್ ಶಾರ್ಪ್ ಅನ್ನುವ ತಜ್ಞ ಬಂದ. ಅವನು ಬರುವುದರೊಳಗೆ ಹುಳ ತಿಂದು ಹಾಳಾದ ಸುಮಾರು 20,000 ಮಾದರಿಗಳನ್ನು ಹ್ಯೂಮ್ ನಾಶ ಮಾಡಿದ್ದ. ಇಪ್ಪತ್ತು ಸಾವಿರ. ಯಾರಿಗೂ ಉಪಯೋಗಕ್ಕೆ ಬರದೆ.

ಹ್ಯೂಮ್‌ನ ಮನಸ್ಸು ಅಷ್ಟರಲ್ಲಿ ತಿರುಗಿತ್ತು. ಥಿಯಾಸಫಿಗೆ ಹತ್ತಿರವಾಗಿ ಸಸ್ಯಾಹಾರಿಯಾದ, ಸಂಗ್ರಹಕ್ಕಾಗಿ ಹಕ್ಕಿ ಕೊಲ್ಲುವುದನ್ನೂ ಬಿಟ್ಟ. ಇದನ್ನು ಓದಿದಾಗ ನನಗೆ ಗೌರವವೂ ಬಂತು, ಸ್ವಲ್ಪ ಕೋಪವೂ ಬಂತು. ಬಿಟ್ಟನಲ್ಲ, ಒಳ್ಳೆಯದೇ. ಆದರೆ ಕೊಲ್ಲಲೇಬೇಕಾದಾಗ ಹೇಗೆ ಕೊಲ್ಲಬೇಕು ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು. ಒಂದು ಕಡೆ ಎಷ್ಟು ಬೇಕಾದರೂ ಕೊಲ್ಲುವವರು, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ ಅನ್ನುವವರು. ನಡುವೆ ಹಕ್ಕಿಯ ಕೊನೆಯ ಒಂದು ನಿಮಿಷದ ಬಗ್ಗೆ ಯೋಚಿಸುವವರು ಯಾರೂ ಇಲ್ಲ.

ಸಲೀಂ ಅಲಿ ಕಥೆ ನಿಮಗೆ ಗೊತ್ತೇ ಇದೆ. 1908ರಲ್ಲಿ, ಹನ್ನೆರಡು ವರ್ಷವೂ ತುಂಬದ ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿ ಹೊಡೆದ. ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಸೋದರಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಹತ್ತಿರ ಕಳಿಸಿದರು. ಮಿಲ್ಲರ್ಡ್ ಅದು ಯೆಲ್ಲೋ ಥ್ರೋಟೆಡ್ ಸ್ಪ್ಯಾರೋ ಅಂತ ಹೇಳಿ, ಸೊಸೈಟಿಯ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಅಂದರೆ ಭಾರತದ ಹಕ್ಕಿಶಾಸ್ತ್ರದ ಬಾಗಿಲು ತೆರೆದಿದ್ದೇ ಒಂದು ಸತ್ತ ಗುಬ್ಬಿಯಿಂದ. ನಾವು ಆ ದಿನ ನಿಂತಿದ್ದೆವಲ್ಲ, ಅದೇ ಮ್ಯೂಸಿಯಂನಲ್ಲಿ 1926ರಲ್ಲಿ ಸಲೀಂ ಅಲಿ ಗೈಡ್ ಲೆಕ್ಚರರ್ ಆಗಿ ಸೇರಿದರು. ಆಮೇಲೆ ಹೈದರಾಬಾದ್, ತಿರುವಾಂಕೂರು-ಕೊಚ್ಚಿ, ನಮ್ಮ ಮೈಸೂರು ಸಂಸ್ಥಾನಗಳ ಹಕ್ಕಿ ಸರ್ವೇ ಮಾಡಿದರು. ಅವುಗಳಲ್ಲೆಲ್ಲ ಹಕ್ಕಿ ಹೊಡೆದು, ಚರ್ಮ ತೆಗೆದು, ಚೀಟಿ ಕಟ್ಟುವುದು ದಿನದ ಕೆಲಸ. ಇಲ್ಲದಿದ್ದರೆ ಹೋಲುವ ಎರಡು ಉಪಜಾತಿಗಳನ್ನು ಬೇರೆ ಮಾಡಿ ಹೇಳಲು ಆಗ ದಾರಿಯೇ ಇರಲಿಲ್ಲ. ಅದೇ ಸಲೀಂ ಅಲಿ 1930ರಲ್ಲಿ ಕಿಹಿಮ್‌ನಲ್ಲಿ ಗೀಜಗನ ಗೂಡುಗಳ ಮುಂದೆ ತಿಂಗಳುಗಟ್ಟಲೆ ಸುಮ್ಮನೆ ಕೂತು ಮಾಡಿದ ಅಧ್ಯಯನವೇ ಅವರಿಗೆ ಹೆಸರು ತಂದ ಮೊದಲ ದೊಡ್ಡ ಕೆಲಸ. ಅದಕ್ಕೆ ಕೋವಿ ಬೇಕಾಗಲಿಲ್ಲ.

ಮೈಸೂರು ಅಂದ ತಕ್ಷಣ ಕೆಲವರಿಗೆ ವ್ಯಾನ್ ಇಂಗನ್ ನೆನಪಾಗಿರುತ್ತದೆ. ಹೌದು, 1900ರ ಆಸುಪಾಸಿನಿಂದ 1999ರವರೆಗೆ ನಡೆದ, ಜಗತ್ತಿಗೇ ಹೆಸರಾದ ಟ್ಯಾಕ್ಸಿಡರ್ಮಿ ಕಾರ್ಖಾನೆ. ಆದರೆ ಅವರ ಮುಖ್ಯ ಕೆಲಸ ಹುಲಿ ಚಿರತೆಗಳದ್ದು, ಬೇಟೆಗಾರರು ಕೊಂದು ತಂದದ್ದು. ಅದು ಬೇರೆಯೇ ಕಥೆ.

ಸಂಗ್ರಹ ಇಟ್ಟು ಏನು ಉಪಯೋಗ ಅಂತ ಕೇಳುವವರಿಗೆ ಮಹಾರಾಷ್ಟ್ರದ್ದೇ ಒಂದು ಉದಾಹರಣೆ ಇದೆ. ಫಾರೆಸ್ಟ್ ಔಲೆಟ್ ಅನ್ನುವ ಸಣ್ಣ ಗೂಬೆ ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುವೆ, 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತು ಅನ್ನುವ ಒಂದೇ ಒಂದು ಮಾದರಿ, ಕರ್ನಲ್ ಮೈನರ್ಟ್ಜ್‌ಹಾಗನ್ ಹೆಸರಿನಲ್ಲಿ. ಪಮೇಲಾ ರಾಸ್ಮುಸೆನ್ ಅನ್ನುವ ವಿಜ್ಞಾನಿ ಆ ಚರ್ಮದ ಒಳಗನ್ನು ಪರೀಕ್ಷೆ ಮಾಡಿಸಿ, ಅದು ಬ್ರಿಟಿಷ್ ಮ್ಯೂಸಿಯಂನಿಂದ ಕದ್ದು, ಬಿಚ್ಚಿ, ಮತ್ತೆ ಹೊಲಿದು, ಸುಳ್ಳು ಚೀಟಿ ಕಟ್ಟಿದ ಹಳೇ ಹಕ್ಕಿ ಅಂತ ಪತ್ತೆ ಮಾಡಿದರು. ನಿಜವಾದ ಚೀಟಿಗಳನ್ನು ನಂಬಿ ಹುಡುಕಿದಾಗ 1997ರ ನವೆಂಬರ್‌ನಲ್ಲಿ ಶಹಾದಾ ಹತ್ತಿರ ಗೂಬೆ ಜೀವಂತವಾಗಿ ಸಿಕ್ಕಿತು. ಚೀಟಿಯಲ್ಲಿ ಬರೆದ ಒಂದು ಸಾಲಿಗೆ ಅಷ್ಟು ಬೆಲೆ ಇದೆ. ಬರೆಯದೇ ಬಿಟ್ಟ ಸಾಲಿಗೂ ಇರಬೇಕಲ್ಲ?

ಆ ಪ್ರಶ್ನೆ ಗಂಭೀರವಾಗಿ ಮೇಲೆ ಬಂದಿದ್ದು ತೀರಾ ಇತ್ತೀಚೆಗೆ. ಪ್ರಾಣಿಗಳಿಗೆ ನೋವಿಲ್ಲದ ಸಾವು ಯಾವುದು ಅನ್ನುವುದಕ್ಕೆ ಅಮೆರಿಕದ ಪಶುವೈದ್ಯರ ಸಂಘ ಆಗಾಗ ಮಾರ್ಗಸೂಚಿ ಹೊರಡಿಸುತ್ತದೆ. ಎದೆ ಒತ್ತುವ ವಿಧಾನವನ್ನು 2000ದ ಮಾರ್ಗಸೂಚಿಯಲ್ಲಿ ಷರತ್ತಿನ ಮೇಲೆ ಒಪ್ಪಿಕೊಂಡಿದ್ದರು. 2013ರಲ್ಲಿ, ಮಂಪರಿನಲ್ಲಿಲ್ಲದ ಹಕ್ಕಿಗೆ ಇದು ಒಪ್ಪತಕ್ಕದ್ದಲ್ಲ ಅಂದರು. ಇದು ನೋವಿಲ್ಲದ್ದು ಅನ್ನುವುದಕ್ಕೆ ಪುರಾವೆ ಎಲ್ಲಿದೆ ಅನ್ನುವುದು ಅವರ ತಕರಾರು. ಹಕ್ಕಿ ವಿಜ್ಞಾನಿಗಳು ಸಿಟ್ಟಾದರು. ಕಾಡಿನ ನಡುವೆ, ಬಲೆಯಲ್ಲಿ ಕಾಲು ಮುರಿದ ಹಕ್ಕಿ ಕೈಯಲ್ಲಿ ಒದ್ದಾಡುತ್ತಿರುವಾಗ ಇಂಜೆಕ್ಷನ್, ಪಶುವೈದ್ಯರನ್ನು ಎಲ್ಲಿಂದ ತರುವುದು? ತಡ ಮಾಡುವುದೇ ಹೆಚ್ಚಿನ ಹಿಂಸೆ ಅಲ್ಲವಾ?

ಎರಡೂ ಕಡೆ ನ್ಯಾಯ ಇದೆ ಅಂತ ತಪ್ಪಿಸಿಕೊಳ್ಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಪಶುವೈದ್ಯರ ಪ್ರಶ್ನೆಯೇ ಸರಿ. ನೂರೈವತ್ತು ವರ್ಷ ಲಕ್ಷಾಂತರ ಹಕ್ಕಿಗಳ ಅಳತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಂಡ ಒಂದು ಶಾಸ್ತ್ರ, ತಾನು ಕೊಲ್ಲುವ ವಿಧಾನ ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತ ಅಳೆದು ನೋಡಿರಲಿಲ್ಲ. ಕೇಳಿದ ಮೇಲೆ ಅಳೆದರು. ಕ್ಯಾಲಿಫೋರ್ನಿಯಾದಲ್ಲಿ ಪಶುವೈದ್ಯರೂ ಹಕ್ಕಿ ಸಂಗ್ರಹದವರೂ ಒಟ್ಟಿಗೆ ಕೂತು, ಅರಿವಳಿಕೆ ಕೊಟ್ಟ ಗುಬ್ಬಚ್ಚಿ ಮತ್ತು ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ಎದೆ ಒತ್ತುವುದನ್ನೂ ಇಂಜೆಕ್ಷನ್ನನ್ನೂ ಹೋಲಿಸಿ 2017ರಲ್ಲಿ ಪ್ರಕಟ ಮಾಡಿದರು. ಒತ್ತುವುದು ಬರೀ ಉಸಿರು ಕಟ್ಟಿಸುವುದಲ್ಲ, ಹೃದಯವನ್ನೇ ನಿಲ್ಲಿಸುತ್ತದೆ, ಅದಕ್ಕೇ ಬೇಗ ಅನ್ನುವುದು ಅವರ ವಾದ. ಪಶುವೈದ್ಯರ ತಕರಾರು ಪೂರ್ತಿ ಅಡಗಿಲ್ಲ, ಯಾಕಂದ್ರೆ ಅರಿವಳಿಕೆ ಕೊಟ್ಟ ಹಕ್ಕಿ ಎಚ್ಚರವಾಗಿರುವ ಹಕ್ಕಿಯ ನೋವು ಹೇಳುವುದಿಲ್ಲ.

ಹಾಗಾದರೆ ಗರಿಗಾಗಿ ಆರಿಸಿಕೊಂಡ ದಾರಿಯೇ ಹಕ್ಕಿಗೂ ಸುಲಭದ್ದಾಗಿತ್ತಾ? ಇರಬಹುದು. ಆದರೆ ಆಡುಬಾನ್ ಇದ್ದಿಲು ಹಚ್ಚಿದ್ದೂ ಸುಲಭ ಅಂತ ನಂಬಿಯೇ.

ನಮ್ಮಲ್ಲಿ ಈಗ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಹಕ್ಕಿ ಹೊಡೆದು ಮನೆಯಲ್ಲಿಡುವ ಕಾಲ ಮುಗಿಯಿತು. ಸತ್ತು ಬಿದ್ದ ಹಕ್ಕಿಯನ್ನು ಎತ್ತಿ ತುಂಬಿಸುವುದಕ್ಕೂ ಅನುಮತಿ, ಲೈಸೆನ್ಸ್ ಬೇಕು. ಬೊರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್‌ನಲ್ಲಿ 2009ರಿಂದ ಒಂದು ಟ್ಯಾಕ್ಸಿಡರ್ಮಿ ಕೇಂದ್ರ ಇದೆ. ಬಾಂಬೆ ವೆಟರ್ನರಿ ಕಾಲೇಜಿನ ಅಂಗರಚನಾ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕ್ವಾಡ್ ಅದನ್ನು ಕಟ್ಟಿದವರು. ಅವರಿಗೆ ಈ ಹುಚ್ಚು ಹತ್ತಿದ್ದೂ ಅದೇ ಕಾಲಾ ಘೋಡಾ ಮ್ಯೂಸಿಯಂನ ಪ್ರಾಣಿಗಳನ್ನು ನೋಡಿಯೇ. ಅಲ್ಲಿಗೆ ಬರುವುದು ತಾನಾಗಿ ಸತ್ತ ಪ್ರಾಣಿ, ಹಕ್ಕಿ ಮಾತ್ರ.

ಹೀಗೆ ಸತ್ತು ಸಿಕ್ಕ ಹಕ್ಕಿಗಳ ಚೀಟಿ ನೋಡಿ. ಕಿಟಕಿ ಗಾಜಿಗೆ ಬಡಿದು ಸತ್ತಿದ್ದು, ಗಾಡಿಗೆ ಸಿಕ್ಕಿ ಸತ್ತಿದ್ದು, ಬೆಕ್ಕು ಹಿಡಿದಿದ್ದು ಅಂತ ಇಂದಿನ ಮ್ಯೂಸಿಯಂಗಳು ಬರೆದಿಡುತ್ತವೆ. ನಾವೇ ಕೈಯಾರೆ ಕೊಲ್ಲುವಾಗ ಇರದ ಕಾಲಂ, ಕೊಲ್ಲುವುದು ಬಿಟ್ಟ ಮೇಲೆ ಟೇಬಲ್‌ಗೆ ಸೇರಿತು.

ಪುಟ್ಟಿಗೆ ಭಾನುವಾರ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸಲಾಕೆಯ ವಿಷಯ ಬಿಟ್ಟು. ಎಲ್ಲ ಕೇಳಿಸಿಕೊಂಡು, “ಆ ಗೂಬೆ ಈಗಲೂ ಅಲ್ಲೇ ಇದೆಯಾ? ಮುಂದಿನ ಸಲ ಮ್ಯೂಸಿಯಂ ಬೇಡ, ಅದನ್ನ ನೋಡೋಕೆ ಹೋಗೋಣ” ಅಂದಳು. ಶಹಾದಾಗೆ ಮುಂಬೈಯಿಂದ ಹೇಗೆ ಹೋಗುವುದು, ಯಾವಾಗ ಹೋದರೆ ಕಾಣುತ್ತದೆ ಅಂತ ಗೊತ್ತಿರುವವರು ದಯವಿಟ್ಟು ತಿಳಿಸಿ. ಮುಂದಿನ ಮಾತು ಹ್ಯೂಮ್ ಬಗ್ಗೆಯೇ. ವರ್ಷಗಟ್ಟಲೆ ಕೂತು ಬರೆದ ಅವನ ಹಕ್ಕಿ ಪುಸ್ತಕದ ಹಸ್ತಪ್ರತಿ ರದ್ದಿ ಕಾಗದವಾಗಿ ಬಜಾರಿಗೆ ಹೋದ ಕಥೆ.